ಗಾಮಾ ನೈಫ್ ಆದ ಮೇಲಿನ ವರ್ಷಗಳು

ಶಿವಮೊಗ್ಗ

ಚಿ|| ಪುಟ್ಟನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಹಬ್ಬಕ್ಕೆ ಬಂದಾಗ ನೀನು ಒಗೆಯಲು ಹಾಕಿದ್ದ ಪ್ಯಾಂಟಿನ ಜೇಬಿನಲ್ಲಿ ಲೈಟರ್ ಸಿಕ್ಕಿತು, ನೀನು ಸಿಗರೇಟು ಸೇದುವುದು ಗೊತ್ತಾಯಿತು. ನಿನ್ನ ಅಮ್ಮನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಬೈಯುವುದಕ್ಕೆಂದು ಬರೆಯುತ್ತಿಲ್ಲ. ನರಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು ನಾನು. ನಿನ್ನ ತಲೆಯೊಳಗೆ ಈಗ ಏನು ನಡೆಯುತ್ತಿದೆ ಎಂಬುದು ನಿನಗೆ ಮನದಟ್ಟಾದಂತೆ ಕಾಣಲಿಲ್ಲ. ಅದನ್ನು ಹೇಳದೆ ನನಗೆ ಸಮಾಧಾನವಿಲ್ಲ.

ಗಾಮಾ ನೈಫ್ ಎಂಬ ಕಿರಣ ಚಿಕಿತ್ಸೆ ಆದ ದಿನ "ಎಲ್ಲ ಮುಗಿಯಿತು ಅತ್ತೆ" ಎಂದು ನೀನು ಆಸ್ಪತ್ರೆಯಿಂದ ಫೋನ್ ಮಾಡಿದ್ದೆ. ಹಾಗೆ ಅನ್ನಿಸುವುದು ಸಹಜವೇ. ಬೆಳಿಗ್ಗೆ ತಲೆಗೆ ನಾಲ್ಕು ತಿರುಪು ಬಿಗಿದು ಚೌಕಟ್ಟು ಕೂರಿಸಿದರು, ಎಂಆರ್‌ಐ, ಆಂಜಿಯೋಗ್ರಾಮ್ ಮಾಡಿದರು, ಯಂತ್ರದೊಳಗೆ ಮಲಗಿಸಿದರು. ತಲೆ ಬೋಳಿಸಲಿಲ್ಲ, ಹೊಲಿಗೆ ಇಲ್ಲ. ಹಣೆಯ ಮೇಲೆ ಎರಡು ಸಣ್ಣ ಗಾಯ, ಅವೂ ವಾರದಲ್ಲಿ ಮಾಸಿದವು. ಆದರೆ ಅಂದು ಮುಗಿದದ್ದು ಕಿರಣ ಕೊಡುವ ಕೆಲಸ ಮಾತ್ರ. ಚಿಕಿತ್ಸೆ ಅಂದಿನಿಂದ ಶುರುವಾಗಿದೆ, ಈ ಕ್ಷಣದಲ್ಲೂ ನಡೆಯುತ್ತಿದೆ.

ನಿನಗಿರುವ ಎವಿಎಂ ಎಂದರೆ ಮಿದುಳಿನ ರಕ್ತನಾಳಗಳ ಗೋಜಲು. ಅಪಧಮನಿಯ ರಕ್ತ ಕೂದಲಿಗಿಂತ ಸಣ್ಣ ಲೋಮನಾಳಗಳಲ್ಲಿ ಹಾದು, ರಭಸ ಕಳೆದುಕೊಂಡು ಅಭಿಧಮನಿಗೆ ಸೇರಬೇಕು. ನಿನ್ನ ಗೋಜಲಿನಲ್ಲಿ ಆ ಲೋಮನಾಳಗಳೇ ಇಲ್ಲ. ಭದ್ರಾ ನಾಲೆಯ ನೀರನ್ನು ತೂಬಿಲ್ಲದೆ ನೇರವಾಗಿ ಗದ್ದೆಗೆ ನುಗ್ಗಿಸಿದಂತೆ, ಅಷ್ಟೂ ಒತ್ತಡ ತೆಳುಗೋಡೆಯ ಅಭಿಧಮನಿಯ ಮೇಲೆ ಬೀಳುತ್ತದೆ. ಚಿಕಿತ್ಸೆಯಿಲ್ಲದ ಎವಿಎಂ ಇರುವ ನೂರು ಜನರಲ್ಲಿ ವರ್ಷಕ್ಕೆ ಸುಮಾರು 2ರಿಂದ 4 ಮಂದಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆ. ನಿನಗೆ ಫಿಟ್ಸ್ ಬಂದು, ರಕ್ತ ಸೋರುವ ಮೊದಲೇ ಇದು ಗೊತ್ತಾದದ್ದು ನಮ್ಮ ಪುಣ್ಯ.

ಗಾಮಾ ನೈಫ್ ಈ ಗೋಜಲನ್ನು ಕತ್ತರಿಸುವುದಿಲ್ಲ. ಕೋಬಾಲ್ಟಿನಿಂದ ಹೊರಡುವ 200ರ ಹತ್ತಿರದಷ್ಟು ಸಣ್ಣ ಕಿರಣಗಳು ಒಂದೇ ಬಿಂದುವಿನಲ್ಲಿ ಕೂಡಿ, ಅಲ್ಲಿನ ನಾಳಗಳ ಒಳಪದರಕ್ಕೆ ಪೆಟ್ಟು ಕೊಡುತ್ತವೆ. ಆ ಪೆಟ್ಟಿಗೆ ಗೋಡೆ ತಿಂಗಳಿಂದ ತಿಂಗಳಿಗೆ ದಪ್ಪವಾಗುತ್ತಾ, ಒಳದಾರಿ ಕಿರಿದಾಗುತ್ತಾ, ಕೊನೆಗೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಎರಡು ಮೂರು ವರ್ಷ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಸ್ಟಾಕ್‌ಹೋಮಿನ ಲಾರ್ಸ್ ಲೆಕ್ಸೆಲ್ 1968ರಲ್ಲಿ ಮೊದಲ ಗಾಮಾ ನೈಫ್ ಬಳಕೆಗೆ ತಂದರು. ಯಂತ್ರಗಳು ಎಷ್ಟೋ ಸುಧಾರಿಸಿವೆ, ಈ ಕಾಯುವಿಕೆ ಮಾತ್ರ ತಪ್ಪಿಲ್ಲ. ನಿನ್ನಂಥ ಚಿಕ್ಕ ಗೋಜಲು ನೂರಕ್ಕೆ 70–80 ಜನರಲ್ಲಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ರಕ್ತಸ್ರಾವದ ಭಯ ಇದ್ದೇ ಇರುತ್ತದೆ.

ಕಿರಣ ಕೊಡಿಸಿಕೊಂಡು ಎರಡನೆಯ ವರ್ಷದಲ್ಲಿ ರಕ್ತಸ್ರಾವವಾಗಿ ಬಂದವರನ್ನು ನಾನು ನೋಡಿದ್ದೇನೆ. ಒಬ್ಬರಿಗೆ ಬಲಗೈ ಬಿದ್ದುಹೋಗಿತ್ತು. ಪಕ್ಕದಲ್ಲೇ ನಿಂತಿದ್ದ ಹೆಂಡತಿಯ ಹೆಸರು ನಾಲಿಗೆಗೆ ಬಾರದೆ, ಎಡಗೈಯಿಂದ ಅವರ ಸೆರಗು ಹಿಡಿದು ಎಳೆಯುತ್ತಿದ್ದರು. ಹಾಗೆ ಬಂದವರೆಲ್ಲ ಸೇದುವವರೇ ಎಂದರೆ ಸುಳ್ಳಾಗುತ್ತದೆ. ಸೇದದವರಿಗೂ ಆಗಿದೆ. ನಮ್ಮ ಕೈಯಲ್ಲಿಲ್ಲದ ಅಪಾಯವೇ ಇಷ್ಟಿರುವಾಗ ಕೈಯಾರೆ ಇನ್ನಷ್ಟು ಏಕೆ ಸೇರಿಸಬೇಕು ಎಂಬುದೇ ನನ್ನ ಸಂಕಟ.

ಪ್ರತಿ ಸಿಗರೇಟೂ ಸ್ವಲ್ಪ ಹೊತ್ತು ರಕ್ತದೊತ್ತಡವನ್ನೂ ನಾಡಿಯನ್ನೂ ಏರಿಸುತ್ತದೆ. ಎವಿಎಂ ಇರುವ ಕೆಲವರಿಗೆ ಅದಕ್ಕೆ ರಕ್ತ ಒಯ್ಯುವ ನಾಳದಲ್ಲಿ ಅನ್ಯೂರಿಸಂ ಎಂಬ ಗುಳ್ಳೆಯೂ ಇರುತ್ತದೆ. ಅನ್ಯೂರಿಸಂ ಮೂಡುವುದಕ್ಕೂ ಒಡೆಯುವುದಕ್ಕೂ ಧೂಮಪಾನ ದೊಡ್ಡ ಕಾರಣ. ಸೇದುವವರಲ್ಲಿ ಗೋಜಲು ಪೂರ್ತಿ ಮುಚ್ಚಿಕೊಳ್ಳುವುದು ಕಡಿಮೆ ಎಂದು ಕೆಲವು ಅಧ್ಯಯನಗಳಲ್ಲೂ ಕಂಡಿದೆ. "ಸಿಗರೇಟು ನಾಳವನ್ನು ಕಿರಿದು ಮಾಡುತ್ತದಲ್ಲ, ಮುಚ್ಚುವುದಕ್ಕೆ ಒಳ್ಳೆಯದೇ ಅಲ್ಲವೇ" ಎಂದು ನೀನು ವಾದ ಹೂಡಬಹುದು, ನಿನ್ನನ್ನು ಬಲ್ಲೆ. ಕಿರಣವನ್ನು ಮಿಲಿಮೀಟರ್ ಲೆಕ್ಕದಲ್ಲಿ ಗುರಿಯಿಟ್ಟು ಕೊಟ್ಟಿದ್ದಾರೆ. ಹೊಗೆಗೆ ಅಂಥ ಗುರಿ ಇಲ್ಲ, ಅದು ಹೃದಯದ ನಾಳ, ಮಿದುಳಿನ ಒಳ್ಳೆಯ ನಾಳ ಯಾವುದನ್ನೂ ಬಿಡುವುದಿಲ್ಲ.

ಚಹಾ ಅಂಗಡಿಯಲ್ಲಿ ನೀನು ಒಂದೊಂದೇ ಕೊಂಡು ಸೇದುತ್ತೀಯೆ ಎಂದು ನನ್ನ ಊಹೆ. ಕರ್ನಾಟಕದಲ್ಲಿ ಬಿಡಿಯಾಗಿ ಮಾರುವುದಕ್ಕೆ 2017ರಿಂದ ನಿಷೇಧವಿದ್ದರೂ ಸಿಗುತ್ತದೆ. ಹಾಗೆ ಕೊಂಡರೆ ದಿನಕ್ಕೆ ಎಷ್ಟು ಸೇದಿದೆ ಎಂಬ ಲೆಕ್ಕ ಇರುವುದಿಲ್ಲ, ಪ್ಯಾಕಿನ ಮೇಲೆ ಅಚ್ಚಾಗಿರುವ ಸಹಾಯವಾಣಿಯ ನಂಬರೂ ಕಣ್ಣಿಗೆ ಬೀಳುವುದಿಲ್ಲ. ಬರೆದುಕೋ: 1800-11-2356. ದುಡ್ಡು ಕೊಡಬೇಕಾಗಿಲ್ಲ. ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸುವ ಚಿಕಿತ್ಸೆಯೂ ಇದೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು ಎಂದು ನಾನು ಹೇಳುವುದಿಲ್ಲ. ನಿಕೋಟಿನ್ ಬಿಟ್ಟ ಮೊದಲ ವಾರದ ಸಿಡುಕು, ನಿದ್ದೆಗೇಡು ಎಂಥದ್ದೆಂದು ವಾರ್ಡಿನಲ್ಲಿ ಕಂಡಿದ್ದೇನೆ. ಅದಕ್ಕೆ ನೆರವು ಪಡೆಯುವುದರಲ್ಲಿ ನಾಚಿಕೆಯೇನೂ ಇಲ್ಲ.

ಒಂದು ಎಚ್ಚರಿಕೆ, ಇದನ್ನು ಎರಡು ಸಲ ಓದು. ಸಿಗರೇಟು ಬಿಡಿಸಲು ಕೊಡುವ ಔಷಧಗಳಲ್ಲಿ ಬುಪ್ರೋಪಿಯಾನ್ ಎಂಬ ಮಾತ್ರೆ ಇದೆ. ಅದು ಫಿಟ್ಸ್ ತರಬಲ್ಲದು, ನಿನಗೆ ಸಲ್ಲದು. ಯಾರೇ ಔಷಧ ಬರೆದುಕೊಟ್ಟರೂ ನಿನಗೆ ಫಿಟ್ಸ್ ಬಂದಿತ್ತು, ಎವಿಎಂ ಇದೆ, ಗಾಮಾ ನೈಫ್ ಆಗಿದೆ ಎಂದು ಮೊದಲೇ ಹೇಳಬೇಕು. ನಿಕೋಟಿನ್ ಗಮ್ ಕೂಡ ನಿನ್ನ ವೈದ್ಯರನ್ನು ಕೇಳಿಯೇ ತೆಗೆದುಕೋ. ಸ್ನೇಹಿತರ ಮಾತು ಕೇಳಿ ವೇಪ್ ಹಿಡಿಯಬೇಡ, ಅದರಲ್ಲಿರುವುದೂ ನಿಕೋಟಿನ್ನೇ. ಫಿಟ್ಸ್ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬೇಡ. ಇದ್ದಕ್ಕಿದ್ದಂತೆ ವಿಪರೀತ ತಲೆನೋವು ಬಂದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಆ ಕ್ಷಣವೇ ಆಸ್ಪತ್ರೆಗೆ ಹೋಗು.

ಮುಂದಿನ ಎಂಆರ್‌ಐಗೆ ಹೋದಾಗ ವೈದ್ಯರಿಗೆ ಸೇದುವ ವಿಷಯವನ್ನು ಮುಚ್ಚಿಡದೆ ಹೇಳು. ಒಬ್ಬನೇ ಹೇಳಲು ಸಂಕೋಚವಾದರೆ ನಾನೂ ಜೊತೆಗೆ ಬರುತ್ತೇನೆ. ನಿನಗೆ ಯಾವ ದಿನ ರಜೆ ಸಿಗುತ್ತದೆ ಎಂದು ತಿಳಿಸು, ಹಿಂದಿನ ರಾತ್ರಿಯ ರೈಲಿಗೆ ಟಿಕೆಟ್ ಮಾಡಿಸುತ್ತೇನೆ.

ಇಂತು ನಿನ್ನ
ಅತ್ತೆ