ಮನೆಯ ಬಿಪಿ ಮಷಿನ್‌ಗೆ ಮುದ್ರೆ ಹಾಕೋರು ಯಾರು?

ಮಾನ್ಯ ಸಂಪಾದಕರೇ,

ನಾನು ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಗೇಜ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಳೆಯುವ ಸಾಧನಗಳನ್ನೇ ಅಳೆಯುವುದು ನಮ್ಮ ಕೆಲಸ. ಕಾರ್ಖಾನೆಯ ಮೈಕ್ರೋಮೀಟರ್, ಡಯಲ್ ಗೇಜ್ ಎಲ್ಲ ಗೊತ್ತುಮಾಡಿದ ದಿನ ನಮ್ಮ ಮೇಜಿಗೆ ಬರಲೇಬೇಕು. ಸ್ಲಿಪ್ ಗೇಜ್ (ಕರಾರುವಾಕ್ಕಾದ ದಪ್ಪದ ತುಂಡು) ಇಟ್ಟು ನೋಡಿ, ಸರಿ ಇದ್ದರೆ ತಾರೀಖಿನ ಚೀಟಿ ಅಂಟಿಸಿ ಕಳಿಸುತ್ತಿದ್ದೆವು. ಚೀಟಿಯ ತಾರೀಖು ಮುಗಿದಿದ್ದರೆ ಆ ಸಾಧನವನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಆ ಚೀಟಿ ಮತ್ತೆ ನೆನಪಾಗಿದ್ದು ನಮ್ಮ ಮನೆಯ ಬಿಪಿ ಮಷಿನ್‌ನಿಂದ.

ಕಳೆದ ವರ್ಷ ನನ್ನಾಕೆಗೆ ಬೆಳಗಿನ ಹೊತ್ತು ಅದು ಮೇಲಿನ ಬಿಪಿ 165, 170 ತೋರಿಸತೊಡಗಿತು. ಒಂದು ವಾರ ಬರೆದಿಟ್ಟು ಡಾಕ್ಟರಿಗೆ ಕೊಟ್ಟೆವು. ನಮ್ಮ ಲೆಕ್ಕ ನಂಬಿ ಅವರು ಮಾತ್ರೆ ಜಾಸ್ತಿ ಮಾಡಿದರು. ಹತ್ತು ದಿನ ಆಗಿರಬೇಕು, ದೋಸೆ ಹುಯ್ಯುತ್ತಿದ್ದವಳು ತಲೆ ಸುತ್ತಿ ಅಲ್ಲೇ ಕುಸಿದು ಕೂತಳು. ಆಸ್ಪತ್ರೆಯಲ್ಲಿ ನೋಡಿದರೆ 104. ಚೀಲದಲ್ಲಿದ್ದ ನಮ್ಮ ಮಷಿನ್ ಕಟ್ಟಿದರೆ 126! ಅಲ್ಲಿನ ನರ್ಸ್ ಮಾತಾಡದೆ ಟೇಪು ತೆಗೆದು ತೋಳು ಸುತ್ತಿ ನೋಡಿದರು. 41 ಸೆಂಟಿಮೀಟರ್. (ಇದನ್ನು ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ.) ನಮ್ಮ ಮಷಿನ್ನಿನ, ತೋಳಿಗೆ ಸುತ್ತುವ ಪಟ್ಟಿಯ ಮೇಲೆ ಸಣ್ಣಕ್ಷರದಲ್ಲಿ 22–32 ಎಂದು ಬರೆದೇ ಇತ್ತು. ಅಂಚಿನಲ್ಲಿ ಹೇಗೋ ಅಂಟಿಕೊಳ್ಳುತ್ತಿತ್ತು, ಅದೇ ಸಾಕು ಅಂದುಕೊಂಡಿದ್ದೆವು. ಮಾರುವಾಗ ಅಂಗಡಿಯವರು ತೋಳಿನ ಅಳತೆ ಕೇಳಲಿಲ್ಲ. ಜೀವಮಾನವಿಡೀ ಮೈಕ್ರಾನ್ ಲೆಕ್ಕದಲ್ಲಿ ಅಳೆದ ನಾನೂ ಆ ಅಕ್ಷರ ಓದಿರಲಿಲ್ಲ.

ಇದು ನಮ್ಮೊಬ್ಬರ ಕಥೆಯೇನಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದರೆ ಮೇಲಿನ ಬಿಪಿ ಸರಾಸರಿ 20ರಷ್ಟು ಜಾಸ್ತಿ ತೋರಿಸುತ್ತದಂತೆ.

ಡಾಕ್ಟರುಗಳ ಹಳೆಯ ಪಾದರಸದ ಮೀಟರ್ ಬೇರೆ ಜಾತಿಯದು. 1896ರಲ್ಲಿ ಇಟಲಿಯ ರಿವಾ ರೊಚ್ಚಿ ತೋಳಿಗೆ ಪಟ್ಟಿ ಕಟ್ಟಿ ಪಾದರಸ ಏರಿಸಿದ. 1905ರಲ್ಲಿ ರಷ್ಯದ ಕೊರೊಟ್ಕಾಫ್ ಸ್ಟೆತಸ್ಕೋಪಿನಲ್ಲಿ ಶಬ್ದ ಕೇಳುವುದನ್ನು ಸೇರಿಸಿದ. ಅಲ್ಲಿ ಪಾದರಸದ ಕಂಬವೇ ಅಳತೆಗೋಲು. ಆದರೆ ಪಾದರಸ ವಿಷ. ಮಿನಮಾಟಾ ಎಂಬ ಅಂತರರಾಷ್ಟ್ರೀಯ ಒಪ್ಪಂದದಂತೆ ಲೋಕವೆಲ್ಲ ಅದನ್ನು ಕೈಬಿಡುತ್ತಿದೆ, ಬಿಡಲೇಬೇಕು. ಅದರ ಜಾಗಕ್ಕೆ ಬಂದ ಡಿಜಿಟಲ್ ಮಷಿನ್ ಶಬ್ದ ಕೇಳುವುದಿಲ್ಲ. ನಾಡಿ ಬಡಿದಾಗ ಪಟ್ಟಿಯೊಳಗಿನ ಗಾಳಿ ಸಣ್ಣಗೆ ಅದುರುತ್ತದಲ್ಲ, ಅದನ್ನು ಹಿಡಿಯುತ್ತದೆ. ಅದುರು ಎಲ್ಲಿ ಜೋರೋ ಅದು ಸರಾಸರಿ ಒತ್ತಡ. ಮೇಲಿನದು, ಕೆಳಗಿನದು ಎರಡನ್ನೂ ಲೆಕ್ಕ ಹಾಕಿ ಹೇಳುತ್ತದೆ. ಆ ಲೆಕ್ಕದ ಸೂತ್ರ ಒಂದೊಂದು ಕಂಪನಿಯದು ಒಂದೊಂದು, ಹೊರಗೆ ಬಿಟ್ಟುಕೊಡುವುದಿಲ್ಲ. ನಾಡಿ ಏರುಪೇರಾಗಿ ಬಡಿಯುವವರಲ್ಲಿ ಲೆಕ್ಕ ಇನ್ನೂ ಎಡವುತ್ತದೆ.

ಸಕ್ಕರೆ ನೋಡುವ ಗ್ಲುಕೋಮೀಟರ್‌ಗೆ ಅಂತರರಾಷ್ಟ್ರೀಯ ಮಾನದಂಡವೇ ಶೇ 15ರಷ್ಟು ಹೆಚ್ಚುಕಮ್ಮಿಗೆ ಅವಕಾಶ ಕೊಟ್ಟಿದೆ. ಅಂದರೆ ನಿಜವಾಗಿ 200 ಇದ್ದವರಿಗೆ ಒಂದು ಮೀಟರ್ 172, ಇನ್ನೊಂದು 228 ತೋರಿಸಿದರೂ ಎರಡೂ ಪಾಸ್. ಹಣ್ಣು ಹೆಚ್ಚಿದ ಕೈ ತೊಳೆಯದೆ ಬೆರಳು ಚುಚ್ಚಿದರಂತೂ ಕೇಳಲೇಬೇಡಿ.

ನಾನು ಹೊಸ ಸಾಧನಗಳ ವಿರೋಧಿ ಅಂದುಕೊಳ್ಳಬೇಡಿ. ಆಕ್ಸಿಮೀಟರ್ ಹುಟ್ಟಿದ ಬಗೆ ನೆನೆದರೆ ಇವತ್ತಿಗೂ ಖುಷಿಯಾಗುತ್ತದೆ. ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ ಬೇರೇನನ್ನೋ ಅಳೆಯಲು ಹೊರಟಿದ್ದ. ನಾಡಿ ಬಡಿತ ನಡುವೆ ಬಂದು ಅಳತೆ ಕೆಡಿಸುತ್ತಿತ್ತು. ಅದನ್ನು ತೆಗೆದುಹಾಕಲು ಒದ್ದಾಡುವಾಗಲೇ, ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಎರಡನ್ನೂ ಹಾಯಿಸಿದರೆ ಅದೇ ಬಡಿತದಿಂದ ರಕ್ತದ ಆಮ್ಲಜನಕ ಗೊತ್ತಾಗುತ್ತದೆ ಎಂದು ಹೊಳೆಯಿತು. ಇದನ್ನು 1974ರಲ್ಲಿ ಲೋಕದ ಮುಂದಿಟ್ಟ. ತೀರಿಕೊಂಡಿದ್ದು 2020ರ ಏಪ್ರಿಲ್‌ನಲ್ಲಿ, ಮನೆಮನೆಯಲ್ಲೂ ಅವನ ಸಾಧನ ಬೇಕಾದ ಹೊತ್ತಿನಲ್ಲೇ. ಆದರೆ 2021ರಲ್ಲಿ ನಾವು ತಂದ ಆಕ್ಸಿಮೀಟರ್‌ಗೆ ಮೊಮ್ಮಗ ಪೆನ್ಸಿಲ್ ಸಿಕ್ಕಿಸಿದರೆ 97 ತೋರಿಸಿತು! ಒಳ್ಳೆಯ ಸಾಧನಕ್ಕೂ ಅದರದೇ ಕೊರತೆ ಇದೆ. ಕಪ್ಪು ಚರ್ಮದವರಲ್ಲಿ ಆಮ್ಲಜನಕ ಕುಸಿದಿದ್ದರೂ ಚೆನ್ನಾಗಿದೆ ಎಂದು ತೋರಿಸುವುದು ಜಾಸ್ತಿ ಎಂದು 2020ರ ಕೊನೆಯಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿತು. ನಮ್ಮ ಬಣ್ಣದವರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ?

ನಮ್ಮ ಊರೂ ಕಡಿಮೆಯೇನಿಲ್ಲ. ಹೊತ್ತುಕೊಂಡು ಹೋಗಬಹುದಾದ, ಬ್ಯಾಟರಿಯಲ್ಲಿ ನಡೆಯುವ ಇಸಿಜಿ ಯಂತ್ರವನ್ನು ಜಿಇ ಕಂಪನಿಯ ಬೆಂಗಳೂರಿನ ಎಂಜಿನಿಯರುಗಳು ರೂಪಿಸಿದರು. ಬಸ್ ಟಿಕೆಟ್ ಮುದ್ರಿಸುವ ಪುಟ್ಟ ಪ್ರಿಂಟರನ್ನೇ ಅದಕ್ಕೆ ಒಗ್ಗಿಸಿಕೊಂಡರು. ಗಂಟಲ ಕ್ಯಾನ್ಸರಿನಿಂದ ದನಿ ಕಳೆದುಕೊಂಡವರಿಗೆ ಇಲ್ಲಿನ ಡಾ. ವಿಶಾಲ್ ರಾವ್ 50 ರೂಪಾಯಿಯ ದನಿಪೆಟ್ಟಿಗೆ ಮಾಡಿಕೊಟ್ಟರು. ಇಂಥ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಾಗಲೆಲ್ಲ ಕತ್ತರಿಸಿ ಇಟ್ಟುಕೊಳ್ಳುತ್ತೇನೆ.

ನನ್ನ ತಕರಾರು, ಸಾಧನ ಮನೆಗೆ ಬಂದ ಮೇಲಿನದು. ತರಕಾರಿ ಅಂಗಡಿಯ ತಕ್ಕಡಿಗೆ ಮಾಪನ ಇಲಾಖೆಯವರು ಕಾಲಕಾಲಕ್ಕೆ ಮುದ್ರೆ ಹಾಕುತ್ತಾರೆ. ಬಂಕಿನಲ್ಲಿ ಅನುಮಾನ ಬಂದರೆ 5 ಲೀಟರ್ ಮಾಪು ತರಿಸಿ ಪೆಟ್ರೋಲ್ ಅಳೆಸಬಹುದು. ಮಾತ್ರೆ ಎಷ್ಟು ನುಂಗಬೇಕು ಎಂದು ತೀರ್ಮಾನಿಸುವ ನಮ್ಮ ಮಷಿನ್ನನ್ನು ಮಾತ್ರ ಎಲ್ಲಿಗೆ ಒಯ್ಯಬೇಕೋ ಗೊತ್ತಿಲ್ಲ. ಬಿಪಿ ಮಷಿನ್ ತಯಾರಿಸಲು ಈಗ ಪರವಾನಗಿ ಬೇಕು, ಸರಿ. ಅದು ಹೊಸ ಮಷಿನ್ನಿನ ಮಾತು. ನಾಲ್ಕು ವರ್ಷ ಬೀರುವಿನಲ್ಲಿ ಕೂತು, ಎರಡು ಸಲ ನೆಲಕ್ಕೆ ಬಿದ್ದದ್ದನ್ನು ಯಾರು ನೋಡುತ್ತಾರೆ? ಸಾಧನ ಕೈಕೊಟ್ಟರೆ ತಿಳಿಸಲು ಕೇಂದ್ರ ಸರ್ಕಾರದ ಮೆಟೀರಿಯೊವಿಜಿಲೆನ್ಸ್ ಎಂಬ ಕಾರ್ಯಕ್ರಮ 2015ರಿಂದ ಇದೆ. ಹೆಸರು ಹೇಳುವಷ್ಟರಲ್ಲೇ ಬಿಪಿ ಏರುತ್ತದೆ. ನಾನು ವಿಚಾರಿಸಿದ ಮೂರು ಮೆಡಿಕಲ್ ಶಾಪ್‌ನವರೂ ಅದನ್ನು ಕೇಳಿರಲಿಲ್ಲ.

ಆರೋಗ್ಯ ಇಲಾಖೆಯಲ್ಲಿ, ಪಾಲಿಕೆಯಲ್ಲಿ ನನ್ನದೊಂದು ವಿನಂತಿ. ನಗರದ ಸರ್ಕಾರಿ ‘ನಮ್ಮ ಕ್ಲಿನಿಕ್’ಗಳಲ್ಲಿ ತಿಂಗಳಿಗೆ ಒಂದು ಬೆಳಿಗ್ಗೆಯನ್ನು ಇದಕ್ಕೆ ಇಡಿ. ಮನೆಯವರು ತಮ್ಮ ಮಷಿನ್ ತರಲಿ. ಐದು ನಿಮಿಷ ಸುಮ್ನೆ ಕೂರಿಸಿ, ಅದೇ ತೋಳಿಗೆ ಒಮ್ಮೆ ಕ್ಲಿನಿಕ್ಕಿನ ಮೀಟರ್, ಒಮ್ಮೆ ಮನೆಯ ಮಷಿನ್ ಕಟ್ಟಿ ನೋಡಲಿ. ವ್ಯತ್ಯಾಸ ಎಷ್ಟೆಂದು ಒಂದು ಚೀಟಿಯಲ್ಲಿ ತಾರೀಖಿನೊಂದಿಗೆ ಬರೆದು ಮಷಿನ್ ಬೆನ್ನಿಗೆ ಅಂಟಿಸಲಿ. ಮುಂದಿನ ಸಲ ಡಾಕ್ಟರಿಗೂ ಆ ಚೀಟಿ ಕಾಣುತ್ತದೆ. ಕ್ಲಿನಿಕ್ಕಿನ ಮೀಟರನ್ನು ಮೊದಲು ಸರಿ ಇದೆಯೇ ಎಂದು ನೋಡಿಕೊಳ್ಳಬೇಕು ಅನ್ನುವುದು ಬೇರೆ ಮಾತು. ಹೊಸದಾಗಿ ಬೇಕಾಗಿರುವುದು ದರ್ಜಿಯ ಟೇಪು, ನಾಲ್ಕು ಅಳತೆಯ ಪಟ್ಟಿ, ಅಷ್ಟೇ.

ಚೀಟಿ ಬರೆಯಲು ಜನ ಇಲ್ಲ ಎನ್ನುವುದಾದರೆ ವಿದ್ಯಾರಣ್ಯಪುರದ ಸುತ್ತ ನಮ್ಮ ಕಾರ್ಖಾನೆಯ ಹಳಬರು ಬೇಕಾದಷ್ಟಿದ್ದಾರೆ. ನಾನಂತೂ ಟೇಪು ಹಿಡಿದು ಬರುತ್ತೇನೆ.

ಇಂತಿ,
ನಿವೃತ್ತ ಗೇಜ್ ರೂಮ್ ನೌಕರ
ವಿದ್ಯಾರಣ್ಯಪುರ, ಬೆಂಗಳೂರು