ಚಿಗವ್ವ ಹೇಳಿದ 41 ಹೆಸರು

ನಮ್ಮ ಮನೆತನದ ಪುಸ್ತಕ ಕೊನೆಗೂ ಅಚ್ಚಾಗಿ ಬಂತು. ಹೋದ ವಾರ ಊರ ದ್ಯಾಮವ್ವನ ಗುಡಿ ಕಟ್ಟೆಯ ಮೇಲೆ ಕೂತು ಹಂಚಿದೆವು. 96 ಪುಟ, ಏಳು ತಲೆಮಾರು. ಮೂರು ವರ್ಷ ನನ್ನ ಈ ಹುಚ್ಚು ಸಹಿಸಿಕೊಂಡವರಿಗೆಲ್ಲ ಶರಣು.

ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಾಗದಕ್ಕೆ ನಾನು ಧಾರವಾಡಕ್ಕೆ ಓಡಾಡಿದ್ದೇ ಓಡಾಡಿದ್ದು. ಮುಂಬೈ ಪ್ರಾಂತ್ಯದ ಕಾಲದ ಮೋಡಿ ಲಿಪಿ (ಕೂಡಿಸಿ ಬರೆಯುವ ಹಳೆಯ ಬರಹ) ಓದಿಕೊಟ್ಟ ಮಾಸ್ತರರು, ಕೈಬರಹದ ಪಹಣಿ ಹುಡುಕಿದ ಗೆಳೆಯ, ವೀರಗಲ್ಲು ತೊಳೆದು ಫೋಟೊ ತೆಗೆದ ಹುಡುಗರು, ಎಲ್ಲರೂ ನೆನಪಿದ್ದಾರೆ. (ಆ ಕಲ್ಲು ನಮ್ಮ ಹಿರಿಯರದ್ದೇ ಅಂತ ಕಾಕಾ ಈಗಲೂ ವಾದ ಮಾಡುತ್ತಾರೆ. ಕೆಳಗೆ ಕಾದಾಟ, ಮೇಲೆ ಲಿಂಗ, ಹೆಸರಂತೂ ಇಲ್ಲ. ವಾದ ನಡೀಲಿ.)

ಮನೆತನಗಳ ವಂಶಾವಳಿ ಹೇಳುವ ಹೆಳವಜ್ಜನಿಗೆ ಒಂದೆರಡು ಸಾಲು ಜಾಸ್ತಿ. ಮೂಲ ಊರು, ಬೆಡಗು (ಕುಲದ ಬಳಿ), ಯಾರ ಮಗ ಯಾರು ಅಂತ ಅಜ್ಜ ಹಾಡಿದ ಹಾಗೆ ಹೇಳಿದ ಮೇಲೆಯೇ ಪುಸ್ತಕಕ್ಕೆ ಬುಡ ಸಿಕ್ಕಿದ್ದು. 1876–78ರ ಬರಕ್ಕೆ ನಮ್ಮವರ ಮೂರು ಮನೆ ಖಾಲಿಯಾದದ್ದೂ ಅವರಿಂದಲೇ ಗೊತ್ತಾಯಿತು. ಆದರೆ ನಾನು ಬರೆದುಕೊಂಡ ಪಟ್ಟಿಯಲ್ಲಿ ಬರೀ ಗಂಡಸರು. ಸುಳ್ಳು ಯಾಕೆ, ಹೆಣ್ಣುಮಕ್ಕಳು ಎಲ್ಲಿ ಅಂತ ನನಗೆ ಹೊಳೆದೇ ಇರಲಿಲ್ಲ.

ಅಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ ಆ ರಾತ್ರಿಯದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಬಂದವರೆಲ್ಲ ಕೊನೆಯ ಬಸ್ಸಿಗೆ ಹೋದರು. ಚಿಗವ್ವ (ನನ್ನ ಚಿಕ್ಕಮ್ಮ) ಮಾತ್ರ ವಾರ್ಡಿನ ಹೊರಗೆ ಕೌದಿ ಹಾಸಿಕೊಂಡು ಕೂತಳು. ಎಪ್ಪತ್ತು ದಾಟಿದ ಜೀವ, ಮೊಣಕಾಲು ನೋವು ಬೇರೆ. ನೀ ಊರಿಗೆ ಹೋಗು ಅಂದರೆ "ಸುಮ್ನ ಕುಂದ್ರು" ಅಂದಳು. ನನ್ನ ಕೈ ನಡುಗುವುದು ಕಂಡು, "ನಿನ್ನ ವಹಿ ತಗಿ, ನಾ ಹೇಳತೀನಿ ಬರಕೋ" ಅಂದಳು.

ಶುರು ಮಾಡಿದ್ದು ಅಟ್ಟದ ಹಿತ್ತಾಳೆ ಹಂಡೆಯಿಂದ. ಕಂಠದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರು ಯಾರದು, ಆ ಸೊಸೆ ಯಾವ ಊರಿನವಳು. ಆಮೇಲೆ ಕೊಡ, ಪರಾತ, ತಂಬಿಗೆ. ಓದು ಬರದ ಚಿಗವ್ವನಿಗೆ ಒಂದೊಂದು ಪಾತ್ರೆ ಒಬ್ಬೊಬ್ಬ ಹೆಂಗಸು. ಪ್ಲೇಗಿಗೆ ಊರು ಬಿಟ್ಟಾಗ ಹೊಲದ ಗುಡಿಸಲಲ್ಲಿ ಹಡೆದವಳು. ತವರಿಗೆ ಹೋಗಿ ತಿರುಗಿ ಬಾರದವಳು. ಎರಡೇ ದಿನ ಬದುಕಿದ ಕೂಸಿಗೂ ಹೆಸರಿತ್ತು. ಬೆಳಗಾಗುವಷ್ಟರಲ್ಲಿ 41 ಹೆಸರು.

ಅದರಲ್ಲಿ ಒಂದು ಹೆಸರೂ ಅಪ್ಪನ ಕಿವಿಗೆ ಬೀಳಲಿಲ್ಲ. ಇದನ್ನೆಲ್ಲ ಅಪ್ಪನಿಗೆ ಅಂತಲೇ ಶುರು ಮಾಡಿದ್ದೆ. ಒಂದು ತಿಂಗಳು ವಹಿ ಮುಟ್ಟಲಿಲ್ಲ. ಯಾರ ವಂಶ, ಯಾರಿಗೆ ಬೇಕಾಗಿದೆ ಅನಿಸಿತ್ತು.

ಚಿಗವ್ವನೇ ಫೋನು ಮಾಡಿದಳು. ಪರಾತದ ಹೆಸರು ತಪ್ಪು ಹೇಳಿದೀನಿ, ಬಂದು ನೋಡು ಅಂದಳು. ಹೋದೆ. ಹಿತ್ತಲಲ್ಲಿ ಇಬ್ಬರೂ ಕೂತು ಹುಣಸೆಹಣ್ಣು ಹಚ್ಚಿ ತಿಕ್ಕಿದೆವು. ಅಕ್ಷರ ಕಂಡವು. ಆಕೆ ಮೊದಲು ಹೇಳಿದ್ದೇ ಸರಿ ಇತ್ತು. ಬೇಕಂತಲೇ ಕರೆಸಿದ್ದಳು ಅಂತ ನನ್ನ ಗುಮಾನಿ. ಅವತ್ತು ರಾತ್ರಿ ಅಲ್ಲೇ ರೊಟ್ಟಿ ತಿಂದು ಮತ್ತೆ ಬರೆಯಲು ಕೂತೆ.

ಅಂದಹಾಗೆ, ಪುಸ್ತಕ ತಗೊಂಡವರು 38ನೆಯ ಪುಟ ತೆಗೆಯಿರಿ. ಹೊಂಬಳದ ಸೊಸೆ ಅಂತ ಇರುವಲ್ಲಿ ಅಬ್ಬಿಗೇರಿ ಅಂತ ತಿದ್ದಿಕೊಳ್ಳಿ. ಮೊಮ್ಮಗಳಿಂದ ಓದಿಸಿ ಕೇಳಿದ ಚಿಗವ್ವ ಹಿಡಿದ ತಪ್ಪು. ಇನ್ನೂ 58 ಪುಟ ಕೇಳುವುದು ಬಾಕಿ ಇದೆಯಂತೆ.