ಅನಾಥಾಲಯವನ್ನು ಹೋಟೆಲ್ ಎಂದ ನಿಮ್ಮ ಕಂಪನಿಗೆ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ದೂರು ವಿಭಾಗ,
ಬೆಂಗಳೂರು ಕಚೇರಿ

ವಿಷಯ: ಅಂತರ್ಜಾಲದಲ್ಲಿ ಸಿನಿಮಾ ತೋರಿಸುವ ನಿಮ್ಮ ಸೇವೆಯಲ್ಲಿ, ಜಕಾರ್ತಾ ಪಕ್ಕದ ಬೆಕಾಸಿಯ ಅನಾಥಾಲಯದ ಕುಟುಂಬ ಚಂದಾ ಖಾತೆಯನ್ನು ಸಿನಿಮಾದ ನಡುವೆ ತಡೆಹಿಡಿದದ್ದು ಮತ್ತು ಆಮೇಲೆ ದೂರವಾಣಿಯಲ್ಲಿ ನಡೆದದ್ದು

ಮಾನ್ಯರೇ,

ಇಂಡೊನೇಷ್ಯಾದ ಖಾತೆಯ ಬಗ್ಗೆ ಕನ್ನಡದಲ್ಲಿ ದೂರು ಬಂದಿದೆಯಲ್ಲ ಎಂದು ಹುಬ್ಬೇರಿಸಬೇಡಿ. ನಿಮ್ಮ ಜಕಾರ್ತಾ ಕಚೇರಿಗೆ ಇಂಡೊನೇಷ್ಯನ್ ಭಾಷೆಯಲ್ಲಿ ಬರೆದೆವು, ಯಂತ್ರ ಉತ್ತರಿಸಿತು. ಇಂಗ್ಲಿಷಿನಲ್ಲಿ ಬರೆದೆವು, ಅದೇ ಯಂತ್ರ ಅದೇ ಉತ್ತರವನ್ನು ಇಂಗ್ಲಿಷಿನಲ್ಲಿ ಕೊಟ್ಟಿತು. ಕಡೆಗೆ ಮನುಷ್ಯರೆಂದು ಸಿಕ್ಕವರು ನಿಮ್ಮ ಬೆಂಗಳೂರಿನ ಮೇಲ್ವಿಚಾರಕರು, ನನ್ನ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಕ್ಕೆ ತಿರುಗಿದವರು. ಅವಮಾನ ಕನ್ನಡದಲ್ಲಿ ಆಗಿದೆ, ದೂರೂ ಕನ್ನಡದಲ್ಲೇ ಇರಲಿ.

ಪ್ರಕರಣದ ವಿವರ ನಿಮ್ಮ ಕಡತದಲ್ಲಿ ಇರಬೇಕು. ಖಾತೆ ಇರುವುದು ಅನಾಥಾಲಯವನ್ನು ನಡೆಸುವ ಮಹಿಳೆಯ ಹೆಸರಿನಲ್ಲಿ. ಮಕ್ಕಳು ಅವರನ್ನು ಕರೆಯುವಂತೆ ನಾನೂ ಇಬು, ಅಂದರೆ ಅಮ್ಮ, ಎನ್ನುತ್ತೇನೆ. ಈ ಪತ್ರ ಬರೆಯಲು ಅವರ ಸಹಿ ಮಾಡಿದ ಒಪ್ಪಿಗೆ ಪತ್ರವನ್ನು ಲಗತ್ತಿಸಿದ್ದೇನೆ. ಮನೆಯಲ್ಲಿರುವುದು ಒಂದೇ ಟಿವಿ. ಯಾವುದೋ ಬ್ಯಾಂಕಿನವರು ರಂಜಾನ್ ಕೊಡುಗೆಯೆಂದು ತಂದಿಟ್ಟು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಸಿಕೊಂಡು ಹೋದ ಟಿವಿ ಅದು. ವರ್ಷದ ಚಂದಾ ಮುಂಗಡವಾಗಿ ಕಟ್ಟಿದವನು ನಾನು. ಶನಿವಾರಗಳಂದು ಅಲ್ಲಿ ಗಣಿತ ಹೇಳಿಕೊಡುತ್ತೇನೆ. ಭಿನ್ನರಾಶಿ ಮುಗಿಸಿದರೆ ಸಿನಿಮಾ ಎಂಬುದು ನಮ್ಮ ಒಪ್ಪಂದ. ಆರಿಸಿದ್ದು ನಿಮ್ಮ ಕುಟುಂಬ ಯೋಜನೆ. ಹಣ ಕಟ್ಟಿದಾಗ ಇಲ್ಲದ ‘ಒಂದೇ ಕುಟುಂಬದ ಸದಸ್ಯರು ಮಾತ್ರ’ ಎಂಬ ಷರತ್ತು ವರ್ಷದ ನಡುವೆ ಎಲ್ಲಿಂದ ಉದ್ಭವಿಸಿತು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಆ ಸಂಜೆ ಹಾಕಿದ್ದು ‘ಉಂತುಕ್ ರೆನಾ’. 2005ರ ಚಿತ್ರ, ರಿರಿ ರಿಜಾ ನಿರ್ದೇಶನದ್ದು. ಮೂರು ವರ್ಷಗಳ ನಂತರ ಬೆಲಿತುಂಗ್ ದ್ವೀಪದ ಬಡ ಶಾಲೆಯ ಮಕ್ಕಳ ಕಥೆಯನ್ನು ‘ಲಸ್ಕರ್ ಪೆಲಾಂಗಿ’ ಎಂದು ತೆರೆಗೆ ತಂದು ದೇಶವಿಡೀ ಮನೆಮಾತಾದವರು ಇವರೇ. ‘ಉಂತುಕ್ ರೆನಾ’ ಅಷ್ಟು ಸದ್ದು ಮಾಡಲಿಲ್ಲ. ಅನಾಥಾಲಯದಲ್ಲಿ ಬೆಳೆಯುವ ರೆನಾ, ಅವಳ ಸುತ್ತಲಿನ ಚಿಕ್ಕವರು, ಅವರ ನಡುವೆ ಬಂದು ಸೇರುವ ಯುಧಾ ಎಂಬ ಹೊರಗಿನವನು, ಇಷ್ಟೇ ಕಥೆ. ರೆನಾ ಆದವಳು ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ಮೌದಿ ಆಯುಂದಾ. ಮುಂದೆ ಗಾಯಕಿಯಾಗಿ ಹೆಸರು ಮಾಡಿ, ಆಕ್ಸ್‌ಫರ್ಡ್‌ನಲ್ಲೂ ಸ್ಟ್ಯಾನ್‌ಫರ್ಡ್‌ನಲ್ಲೂ ಓದಿದಾಕೆ. ದೊಡ್ಡ ಹುಡುಗಿಯರು ಚಾಪೆಯ ಮುಂದಿನ ಸಾಲು ಹಿಡಿದದ್ದೇ ಅವಳಿಗಾಗಿ. ಅನಾಥ ಮಗುವೆಂದರೆ ಮಳೆಯಲ್ಲಿ ನಿಂತು ಅಳಬೇಕು ಎಂದು ನಂಬಿರುವ ಇಲ್ಲಿನ ಧಾರಾವಾಹಿಗಳನ್ನು ನೋಡಿ ನೋಡಿ ಅವರಿಗೂ ಬೇಸತ್ತಿತ್ತು. ಈ ಚಿತ್ರವನ್ನು ನಿಮ್ಮ ಪಟ್ಟಿಯಲ್ಲಿ ‘ಇಡೀ ಕುಟುಂಬಕ್ಕೆ’ ಎಂಬ ಸಾಲಿನಲ್ಲಿ ಜೋಡಿಸಿದವರು ನೀವು, ನಾನಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ರಂಜಾನ್ ತಿಂಗಳು. ಉಪವಾಸ ಬಿಡುವ ಸೂರ್ಯಾಸ್ತದ ಕರೆ, ಮಗ್ರಿಬ್ ಅಜಾನ್‌ಗೆ ಇನ್ನೂ ಹೊತ್ತಿತ್ತು. ಪ್ಲಾಸ್ಟಿಕ್ ಲೋಟಗಳಲ್ಲಿ ತೆಂಗಿನ ಹಾಲು, ತಾಳೆ ಬೆಲ್ಲ ಹಾಕಿ ಬೇಯಿಸಿದ ಬಾಳೆಹಣ್ಣು ತುಂಬಿಟ್ಟಿತ್ತು. ಉಪವಾಸವಿದ್ದ ಮಕ್ಕಳ ಕಣ್ಣು ಟಿವಿಯ ಮೇಲೊಮ್ಮೆ, ಲೋಟದ ಮೇಲೊಮ್ಮೆ. ಕಥೆ ಕಾವೇರುವ ಹೊತ್ತಿಗೆ ಪರದೆ ಬೆಳ್ಳಗಾಯಿತು. ರಬ್ಬರ್ ಬ್ಯಾಂಡ್ ಸುತ್ತಿದ ರಿಮೋಟ್ ಹಿಡಿದಿದ್ದ ಹುಡುಗಿ, ಹೊಸದಾಗಿ ಓದಲು ಕಲಿತ ಉತ್ಸಾಹದಲ್ಲಿ, ನಿಮ್ಮ ಸಂದೇಶವನ್ನು ಗಟ್ಟಿಯಾಗಿ ಓದಿದಳು: ‘ಈ ಖಾತೆಯನ್ನು ಬಳಸುತ್ತಿರುವವರು ಒಂದು ಕುಟುಂಬದವರಂತೆ ಕಾಣುತ್ತಿಲ್ಲ.’ ಅದರ ಕೆಳಗೆ ನಗುಮುಖದ ಚಿತ್ರವನ್ನೂ ಹಾಕಿದ್ದೀರಿ. ಆ ಚಿತ್ರ ಬರೆದ ಕಲಾವಿದರಿಗೆ ನನ್ನ ಅಭಿನಂದನೆಗಳನ್ನು ತಿಳಿಸಿ.

ಪರದೆಯ ಮೇಲಿದ್ದ ಸಂಖ್ಯೆಗೆ ಇಬು ಕರೆ ಮಾಡಿದರು. ಅವರ ಮೊಬೈಲಿನ ಕಿವಿಯ ಭಾಗ ಕೆಟ್ಟಿರುವುದರಿಂದ ಧ್ವನಿವರ್ಧಕದಲ್ಲೇ ಮಾತನಾಡಬೇಕು. ಹಾಗಾಗಿ ಜಕಾರ್ತಾದ ನಿಮ್ಮ ಪ್ರತಿನಿಧಿಯ ಒಂದೊಂದು ಪ್ರಶ್ನೆಯನ್ನೂ ಮಕ್ಕಳೆಲ್ಲ ಕೇಳಿಸಿಕೊಂಡರು.

‘ಎಷ್ಟು ಜನ ನೋಡುತ್ತಿದ್ದೀರಿ?’
‘19 ಮಕ್ಕಳು, ನಾವಿಬ್ಬರು ದೊಡ್ಡವರು.’
‘ಮಕ್ಕಳು ಯಾರವರು?’
‘ಈ ಮನೆಯವರು.’
‘ಅದು ಸರಿ. ತಂದೆ ಯಾರು?’

ಇಬು ಸುಮ್ಮನಾದರು. ಪ್ರತಿನಿಧಿಗೆ ಅವಸರ. ‘ಪ್ರತಿಯೊಬ್ಬರ ತಂದೆಯ ಹೆಸರು, ನಿಮಗೂ ಅವರಿಗೂ ಇರುವ ಸಂಬಂಧ, ಒಬ್ಬೊಬ್ಬರದಾಗಿ ಹೇಳಿ, ದಾಖಲಿಸುತ್ತೇನೆ’ ಎಂದರು. ಇದು ಅನಾಥಾಲಯ ಎಂದು ಇಬು ಹೇಳಿದರು. ಹಾಗಾದರೆ ಇವರಿಗೆ ತಂದೆ ತಾಯಿ ಯಾರೂ ಇಲ್ಲವೇ ಎಂದು ಪ್ರತಿನಿಧಿ ಕೇಳಿದರು. ಹಲವರಿಗೆ ತಾಯಿ ಇದ್ದಾರೆ, ಊರಿನಲ್ಲಿದ್ದಾರೆ, ಓದಿಸಲು ಆಗದೆ ಇಲ್ಲಿ ಬಿಟ್ಟಿದ್ದಾರೆ ಎಂದು ಇಬು ಇದ್ದದ್ದನ್ನು ಇದ್ದಂತೆ ಹೇಳಿದರು. ಇಂಡೊನೇಷ್ಯಾದ ಅನಾಥಾಲಯಗಳ ಬಗ್ಗೆ ಸ್ವಲ್ಪ ತಿಳಿದ ಯಾರಿಗೂ ಇದು ಹೊಸ ವಿಷಯವಲ್ಲ. ನಿಮ್ಮ ಪ್ರತಿನಿಧಿಗೆ ಮಾತ್ರ ಇಲ್ಲೊಂದು ವ್ಯಾಪಾರದ ಅವಕಾಶ ಕಾಣಿಸಿತು: ‘ಹಾಗಿದ್ದರೆ ಆ ತಾಯಂದಿರೇ ತಮ್ಮ ತಮ್ಮ ಮನೆಗೆ ಚಂದಾ ತೆಗೆದುಕೊಳ್ಳಬಹುದಲ್ಲ?’ ಹಿಂದಿನ ಸಾಲಿನಲ್ಲಿ ಕುಳಿತಿದ್ದ, ತಾಯಿ ತೆಗಾಲ್ ಕಡೆಯ ಹಳ್ಳಿಯಲ್ಲಿ ಗದ್ದೆ ಕೂಲಿಗೆ ಹೋಗುವ ಹುಡುಗನೊಬ್ಬ ಎದ್ದು ಹೊರಗೆ ಹೋದ.

ಮೊಬೈಲನ್ನು ನಾನು ತೆಗೆದುಕೊಂಡೆ. ಮೇಲಿನವರಿಗೆ ಕೊಡಿ ಎಂದೆ. ಕಾಯುವಾಗ ನಿಮ್ಮ ಜಾಹೀರಾತಿನ ಹಾಡು ಬಂತು, ಮನೆಮಂದಿಯೆಲ್ಲ ಒಟ್ಟಾಗಿ ನೋಡೋಣ ಬನ್ನಿ ಎಂಬ ಅರ್ಥದ್ದು. ಬಹಳ ಹೊತ್ತು ಬಂತು. ಚಿಕ್ಕವರು ಜೊತೆಗೆ ಹಾಡಲು ಶುರು ಮಾಡಿದರು.

ಆಮೇಲೆ ಬಂದವರೇ ಬೆಂಗಳೂರಿನ ಮೇಲ್ವಿಚಾರಕರು. ‘ತಾವು ಕನ್ನಡದವರೇ? ಯಾವ ಊರು?’ ಎಂದರು. ಹೇಳಿದೆ. ತಮ್ಮ ಅತ್ತೆಯ ಊರೂ ಅಲ್ಲೇ ಹತ್ತಿರ ಎಂದರು. ಊಟವಾಯಿತೇ ಎಂದರು, ಉಪವಾಸದ ಮಕ್ಕಳ ನಡುವೆ ಕುಳಿತವನಿಗೆ ಎಂಥ ಸಮಯೋಚಿತ ಉಪಚಾರ! ಸಮಸ್ಯೆ ಹೇಳಿದೆ. ನಕ್ಕು, ‘ನಮ್ಮವರು ಅಂತ ಹೇಳುತ್ತಿದ್ದೇನೆ ಸಾರ್, ಇದು ಕುಟುಂಬ ಯೋಜನೆ. ಅನಾಥಾಲಯ ಕುಟುಂಬವಾಗುವುದಿಲ್ಲ. ಹೋಟೆಲ್, ವಸತಿಗೃಹಗಳಿಗೆ ಬೇರೆ ಯೋಜನೆ ಇದೆ, ಅದಕ್ಕೆ ಬದಲಾಯಿಸಿಕೊಳ್ಳಿ’ ಎಂದರು. ಇಲ್ಲಿ ಯಾರೂ ಕೋಣೆ ಬಾಡಿಗೆ ಕೊಡುವುದಿಲ್ಲ ಎಂದೆ. ‘ಮಕ್ಕಳು ಬರುತ್ತಾರೆ, ಹೋಗುತ್ತಾರೆ ಅಲ್ಲವೇ ಸಾರ್? ಅದೇ ಲೆಕ್ಕ’ ಎಂದರು. ಮಕ್ಕಳಿಗೆ ಕನ್ನಡ ಬಾರದು. ಆದರೆ ಅವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ಏನಂದರು ಎಂದು ಇಬು ಕೇಳಿದರು. ಪರಿಶೀಲಿಸುತ್ತಾರಂತೆ ಎಂದೆ. ಕರೆ ಮುಗಿದ ಕೂಡಲೇ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ ಎಂದು ನಿಮ್ಮ ಸಂದೇಶ ಬಂತು. ಗಣಿತ ಹೇಳಿಕೊಡುವವನು ನಾನು, ಆದರೂ ಸೊನ್ನೆಗಿಂತ ಕೆಳಗಿನ ಸಂಖ್ಯೆ ಒತ್ತಲು ನಿಮ್ಮ ಪರದೆಯಲ್ಲಿ ಜಾಗ ಸಿಗಲಿಲ್ಲ.

ಇನ್ನು ನಿಯಮದ ಮಾತು. ನಿಮ್ಮ ಷರತ್ತಿನಲ್ಲೇ ಕುಟುಂಬಕ್ಕೆ ಪುರಾವೆ ಎಂದು ಕಾರ್ತು ಕೆಲುಆರ್ಗಾ, ಅಂದರೆ ಇಲ್ಲಿನ ಸರ್ಕಾರ ಕೊಡುವ ಕುಟುಂಬ ಚೀಟಿ, ಸಾಕು ಎಂದಿದೆ. ಮರುದಿನವೇ ಅದನ್ನು ಕಳುಹಿಸಿದೆವು. ಕುಟುಂಬದ ಯಜಮಾನಿ ಇಬು. ಕೆಳಗೆ ಮಕ್ಕಳ ಹೆಸರುಗಳು. ಸಂಬಂಧದ ಅಂಕಣದಲ್ಲಿ ‘ಇತರ’ ಎಂದಿದೆ. ‘ಇತರ’ ನಡೆಯುವುದಿಲ್ಲ, ‘ಮಗ’ ಅಥವಾ ‘ಮಗಳು’ ಎಂದಿರಬೇಕು ಎಂದು ನಿಮ್ಮ ಉತ್ತರ ಬಂತು. ಜನಸಂಖ್ಯಾ ಆಡಳಿತದ ಬಗೆಗಿನ 2006ರ 23ನೇ ಕಾನೂನಿನ ವಿವರಣೆಯನ್ನು ನಿಮ್ಮ ವಕೀಲರಿಂದ ಒಮ್ಮೆ ಓದಿಸಿಕೊಳ್ಳಿ. ಜೊತೆಗೆ ವಾಸಿಸುವವರ ನಡುವೆ ರಕ್ತಸಂಬಂಧ ಇರಲಿ, ಇಲ್ಲದಿರಲಿ, ಅವರ ಹೊಣೆ ಹೊತ್ತವರು ಕುಟುಂಬದ ಮುಖ್ಯಸ್ಥರು ಎನ್ನುತ್ತದೆ ಅದು. ಅಷ್ಟಕ್ಕೇ ನಿಲ್ಲದೆ, ಅನಾಥಾಲಯದ ಮುಖ್ಯಸ್ಥರೂ ಕುಟುಂಬದ ಮುಖ್ಯಸ್ಥರೇ ಎಂದು ಬಿಡಿಸಿ ಹೇಳುತ್ತದೆ. ಗಣರಾಜ್ಯವೊಂದು ಕುಟುಂಬವೆಂದು ಒಪ್ಪಿ ಮೊಹರು ಒತ್ತಿದ್ದನ್ನು ಸಿನಿಮಾ ತೋರಿಸುವ ಅಂಗಡಿಯೊಂದು ತಿರಸ್ಕರಿಸುತ್ತದೆ. ನಿಮ್ಮ ಧೈರ್ಯ ದೊಡ್ಡದು.

ಪಾಸ್‌ವರ್ಡ್ ಹಂಚಿಕೊಂಡು ಪುಕ್ಕಟೆ ನೋಡುವವರನ್ನು ಹಿಡಿಯಲು ಈ ಷರತ್ತು ತಂದಿರಿ ಎಂದು ಗೊತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಿರಿ. ಒಂದೇ ಸೂರು, ಒಂದೇ ಟಿವಿ, ಒಂದೇ ವಿಳಾಸ. ಇದಕ್ಕಿಂತ ಒಟ್ಟಾಗಿ ಕುಳಿತು ನೋಡುವ ಚಂದಾದಾರರು ನಿಮ್ಮಲ್ಲಿ ಇದ್ದರೆ ತೋರಿಸಿ.

ಗ್ರಾಹಕ ರಕ್ಷಣೆಯ 1999ರ 8ನೇ ಕಾನೂನನ್ನೂ ನೀವು ಓದಿರುತ್ತೀರಿ, ಓದದೆ ಈ ದೇಶದಲ್ಲಿ ವ್ಯಾಪಾರ ಮಾಡಲಾಗದು. ಗ್ರಾಹಕ ಸೇವೆ ಪಡೆಯುತ್ತಿರುವ ಅವಧಿಯಲ್ಲಿ ವ್ಯಾಪಾರಿ ಏಕಪಕ್ಷೀಯವಾಗಿ ಮಾಡಿದ ಹೊಸ ನಿಯಮಕ್ಕೆ ಆ ಗ್ರಾಹಕ ತಲೆಬಾಗಬೇಕು ಎನ್ನುವ ಷರತ್ತನ್ನು ಅದರ 18ನೇ ವಿಧಿ ನಿಷೇಧಿಸುತ್ತದೆ. ಅಂಥದ್ದನ್ನು ಹೇರಿದವರಿಗೆ 62ನೇ ವಿಧಿಯಲ್ಲಿ ಐದು ವರ್ಷದವರೆಗೆ ಸೆರೆ ಅಥವಾ 200 ಕೋಟಿ ರೂಪಿಯಾವರೆಗೆ ದಂಡ ಇದೆ. ನಾನು ಉಳಿದ ತಿಂಗಳುಗಳ ಹಣ ವಾಪಸ್ ಕೇಳೋಣ, ಖಾತೆ ತೆರೆಸೋಣ ಎಂದುಕೊಂಡು ಈ ಪತ್ರ ಶುರು ಮಾಡಿದೆ. ಬರೆಯುತ್ತಾ ಬರೆಯುತ್ತಾ ಆ ಆಸೆ ಹೋಯಿತು. ನಿಮ್ಮ ಹಣ ನಿಮ್ಮಲ್ಲೇ ಇರಲಿ, ವಕೀಲರ ಶುಲ್ಕಕ್ಕೆ ಬೇಕಾಗುತ್ತದೆ.

ಇಬು ಅವರ ಹೆಸರಿನಲ್ಲಿ ಗ್ರಾಹಕ ವ್ಯಾಜ್ಯ ಪರಿಹಾರ ಮಂಡಳಿಗೆ ಅರ್ಜಿ ಸಿದ್ಧವಾಗಿದೆ. ಅರ್ಜಿ ಸ್ವೀಕರಿಸಿದ ಮೇಲೆ 21 ಕೆಲಸದ ದಿನಗಳಲ್ಲಿ ಮಂಡಳಿ ತೀರ್ಪು ಕೊಡಬೇಕು, ಮತ್ತು ವ್ಯಾಜ್ಯವನ್ನು ಗ್ರಾಹಕರು ಇರುವ ಊರಿನಲ್ಲೇ ಹೂಡಬಹುದು. ಅಂದರೆ ನಿಮ್ಮವರು ಬೆಕಾಸಿಗೆ ಬರಬೇಕು. ಜಕಾರ್ತಾದವರು ಬೆಕಾಸಿಯನ್ನು ಬೇರೆ ಗ್ರಹ ಎಂದು ಗೇಲಿ ಮಾಡುತ್ತಾರೆ. ಚಿಕಾಂಪೆಕ್ ಟೋಲ್ ರಸ್ತೆಯ ವಾಹನ ದಟ್ಟಣೆಯಲ್ಲಿ ಕುಳಿತಾಗ ಕಾರಣ ತಿಳಿಯುತ್ತದೆ. ವಿಚಾರಣೆಗೆ ಆ ಮೇಲ್ವಿಚಾರಕರನ್ನೇ ಕಳುಹಿಸಿ. ಸಂಭಾಷಣೆಯನ್ನು ಧ್ವನಿಮುದ್ರಿಸಲಾಗುತ್ತಿದೆ ಎಂದು ನೀವೇ ಹೇಳಿದ್ದೀರಿ, ಆ ಮುದ್ರಿಕೆಯನ್ನು ಅಳಿಸಬೇಡಿ. ಅಳಿಸಿದರೆ ಅದಕ್ಕೂ ಬೇರೆ ಅರ್ಜಿ ಬರುತ್ತದೆ. ಅವರ ಕನ್ನಡವನ್ನು ಮಂಡಳಿಯ ಮುಂದೆ ಇಂಡೊನೇಷ್ಯನ್‌ಗೆ ಸಾಲು ಸಾಲಾಗಿ ಅನುವಾದಿಸುವ ಕೆಲಸವನ್ನು ನಾನೇ ವಹಿಸಿಕೊಳ್ಳುತ್ತೇನೆ, ಅವರ ಅತ್ತೆಯ ಊರಿನ ಪ್ರಸ್ತಾಪವೂ ಸೇರಿದಂತೆ.

ಇಂತಿ,
ಖಾತೆದಾರರ ಪರವಾಗಿ,
ಶನಿವಾರದ ಗಣಿತದ ಮೇಷ್ಟ್ರು, ಬೆಕಾಸಿ

ಲಗತ್ತು: ಒಪ್ಪಿಗೆ ಪತ್ರ, ಕುಟುಂಬ ಚೀಟಿಯ ಪ್ರತಿ, ಚಂದಾ ರಸೀದಿ, ನಗುಮುಖದ ಪರದೆಯ ಚಿತ್ರ